ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯ: ಭಾಷಣಕ್ಕೆ ಮೊದಲು ಮಾಡಬೇಕಾದ ಕೆಲಸ

ಬಹಳಷ್ಟು ಶಾಲೆಗಳಲ್ಲಿ ಈ ಕೆಲಸ ಶುರುವಾಗುವುದೇ ತಲೆಕೆಳಗಾಗಿ. ಹೊರಗಿನಿಂದ ಒಬ್ಬರನ್ನು ಕರೆಸಿ ಒಂದು ಗಂಟೆ ಭಾಷಣ ಮಾಡಿಸುತ್ತಾರೆ. 'ಬೇಜಾರಾದರೆ ಒಳಗೇ ಇಟ್ಟುಕೊಳ್ಳಬೇಡಿ, ಯಾರ ಹತ್ತಿರವಾದರೂ ಹೇಳಿಕೊಳ್ಳಿ' ಎಂದು ಅವರು ಹೇಳಿ ಹೋಗುತ್ತಾರೆ. ಮರುದಿನ ಒಂದು ಮಗು ನಿಜಕ್ಕೂ ಹೇಳಿಕೊಳ್ಳಲು ಬಂದರೆ ಕೇಳಿಸಿಕೊಳ್ಳುವವರು ಯಾರು, ಎಲ್ಲಿ ಕೂತು ಮಾತಾಡಬೇಕು, ಕೇಳಿದ ಮೇಲೆ ಏನು ಮಾಡಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹೇಳಿದ ಮಾತು ಸಂಜೆಯೊಳಗೆ ಸ್ಟಾಫ್ ರೂಮಿನ ಸುದ್ದಿಯಾಗುತ್ತದೆ. ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ, ಅದನ್ನು ನೋಡಿದ ಉಳಿದ ಮಕ್ಕಳೂ ಬಿಡುವುದಿಲ್ಲ.

ಹಾಗಾಗಿ ಮೊದಲು ನೆರವಿನ ದಾರಿ ಸಿದ್ಧವಾಗಲಿ, ಆಮೇಲೆ ಶಿಕ್ಷಕರ ತಯಾರಿ, ಕೊನೆಗೆ ತರಗತಿಯ ಪಾಠ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದವರಲ್ಲಿ ಪ್ರತಿ 7 ಮಂದಿಗೆ ಒಬ್ಬರು ಯಾವುದಾದರೊಂದು ಮಾನಸಿಕ ಸಮಸ್ಯೆ ಎದುರಿಸುತ್ತಿದ್ದಾರೆ. ಆ ಲೆಕ್ಕದಲ್ಲಿ 42 ಮಕ್ಕಳ ತರಗತಿಗೆ ಸರಾಸರಿ 6 ಮಂದಿ. ಎಲ್ಲೋ ಒಮ್ಮೆ ಬರುವ ಪ್ರಸಂಗ ಎಂದುಕೊಂಡು ಆ ಹೊತ್ತಿಗೆ ನೋಡಿಕೊಳ್ಳೋಣ ಎನ್ನುವ ಹಾಗಿಲ್ಲ.

ದಾರಿ ಸಿದ್ಧಮಾಡುವುದು

ಇಬ್ಬರ ಹೆಸರು ಗೊತ್ತುಮಾಡಿ: ಒಬ್ಬರು ಮುಖ್ಯರು, ಇನ್ನೊಬ್ಬರು ಅವರಿಲ್ಲದ ದಿನಕ್ಕೆ. ಒಬ್ಬರು ಮಹಿಳೆ, ಒಬ್ಬರು ಪುರುಷ ಇದ್ದರೆ ಮಕ್ಕಳಿಗೆ ಆಯ್ಕೆ ಸಿಗುತ್ತದೆ. ಶಿಸ್ತಿನ ಉಸ್ತುವಾರಿ ಇರುವವರಿಗೆ ಈ ಕೆಲಸ ಬೇಡ. ಬೆಳಿಗ್ಗೆ ತಡವಾಗಿ ಬಂದಿದ್ದಕ್ಕೆ ಬೈದವರ ಮುಂದೆ ಮಧ್ಯಾಹ್ನ ಯಾವ ಮಗುವೂ ಅಳುವುದಿಲ್ಲ. ಪೂರ್ಣಾವಧಿಯ ಆಪ್ತಸಮಾಲೋಚಕರಿದ್ದರೆ ಅವರೇ ಮುಖ್ಯರು. ಅಮೆರಿಕದ ಶಾಲಾ ಸಮಾಲೋಚಕರ ಸಂಘ 250 ಮಕ್ಕಳಿಗೆ ಒಬ್ಬರು ಎಂಬ ಅನುಪಾತವನ್ನು ಶಿಫಾರಸು ಮಾಡುತ್ತದೆ. ಬಹುತೇಕ ಶಾಲೆಗಳಿಗೆ ಅದು ದೂರದ ಮಾತು. ಹಾಗೆಂದು ಪಾಠದ ಹೊರೆ ಇಳಿಸದೆ ಯಾರೋ ಒಬ್ಬ ಶಿಕ್ಷಕರ ತಲೆಗೆ ಇದನ್ನೂ ಕಟ್ಟಿದರೆ ಕೆಲಸ ಆಗುವುದಿಲ್ಲ. ಬಿಹಾರದ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ 'ಸೆಹೆರ್' ಅಧ್ಯಯನದಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು, ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ, ವೃತ್ತಿಪರರಲ್ಲದ ಸಮಾಲೋಚಕರು ನಡೆಸಿದರು. ಎರಡನೆಯ ಗುಂಪಿನಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣ ಇಳಿಯಿತು, ಪೀಡನೆ ತಗ್ಗಿತು. ಶಿಕ್ಷಕರು ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಶಿಕ್ಷಕರಿಗೇ ವಹಿಸುವುದಾದರೆ ವಾರಕ್ಕೆ ಕನಿಷ್ಠ ನಾಲ್ಕು ಪೀರಿಯಡ್ ಕಡಿಮೆ ಮಾಡಿ, ಅದನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ಬರೆಯದ ಬಿಡುವು ಮೊದಲ ಪರೀಕ್ಷೆ ಬರುವಷ್ಟರಲ್ಲಿ ಮಾಯವಾಗುತ್ತದೆ.

ಜಾಗ ಹೀಗಿರಲಿ: ಹೊರಗಿನವರಿಗೆ ಕಾಣಬೇಕು, ಕೇಳಿಸಬಾರದು. ಗಾಜಿನ ಕಿಟಕಿಯಿರುವ ಬಾಗಿಲಾದರೆ ಸಾಕು. ಕುರ್ಚಿಗಳನ್ನು ಎದುರುಬದುರು ಹಾಕದೆ ಓರೆಯಾಗಿ ಇಡಿ, ನಡುವೆ ಮೇಜು ಬೇಡ. ಒಂದು ಲೋಟ ನೀರು ಇರಲಿ. ಶಿಕ್ಷೆಗೆ ನಿಲ್ಲಿಸುವ ಆಫೀಸಿನ ಪಕ್ಕದ ಕೋಣೆಯನ್ನು ಆರಿಸಬೇಡಿ.

ಆಮೇಲೆ ಒಂದೇ ಪುಟದ ಸೂಚನೆ ಬರೆದು ಎಲ್ಲ ಸಿಬ್ಬಂದಿಗೂ ಕೊಡಿ. ಕಾವಲುಗಾರರಿಗೂ, ವ್ಯಾನ್ ಚಾಲಕರಿಗೂ ಕೊಡಬೇಕು, ಅನೇಕ ಸಲ ಮೊದಲು ಗಮನಿಸುವವರು ಅವರೇ. ಅದರಲ್ಲಿ ಮೂರು ಹಂತ ಸಾಕು. ಜಗಳ, ಅಂಕ ಕಡಿಮೆ ಬಂದ ಬೇಸರದಂಥ ದಿನನಿತ್ಯದ ಸಂಕಟವಾದರೆ ತರಗತಿ ಶಿಕ್ಷಕರೇ ಆ ವಾರದೊಳಗೆ ಮಾತಾಡುವುದು. ಎರಡು ವಾರ ದಾಟಿದ, ಓದು, ನಿದ್ದೆ, ಒಡನಾಟಕ್ಕೆ ಅಡ್ಡಿಯಾಗುತ್ತಿರುವ ಬದಲಾವಣೆಯಾದರೆ ಎರಡು ದಿನದೊಳಗೆ ಮುಖ್ಯರಿಗೆ ತಿಳಿಸುವುದು, ವಾರದೊಳಗೆ ಪೋಷಕರ ಜೊತೆ ಮಾತು. ಸಾವಿನ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ದೌರ್ಜನ್ಯ, ಯಾರಿಗೂ ಕೇಳಿಸದ ದನಿ ತನಗೆ ಕೇಳಿಸುತ್ತದೆ ಎನ್ನುವುದು ಇವುಗಳಲ್ಲಿ ಯಾವುದಿದ್ದರೂ ಆಗಿಂದಾಗಲೇ ತಿಳಿಸುವುದು, ಮಗುವನ್ನು ಒಂಟಿಯಾಗಿ ಬಿಡದಿರುವುದು.

ಪುಟದ ಕೆಳಗೆ ಹತ್ತಿರದ ಆಸ್ಪತ್ರೆಯ ಮನೋವೈದ್ಯ ವಿಭಾಗ, ಮಕ್ಕಳ ರಕ್ಷಣೆಯ ಇಲಾಖೆ, ಸಹಾಯವಾಣಿ ಇವುಗಳ ನಂಬರ್ ಇರಲಿ. ಪ್ರತಿ ಅವಧಿಯ ಮೊದಲ ವಾರ ಒಬ್ಬರು ಕೂತು ಎಲ್ಲ ನಂಬರಿಗೂ ಫೋನ್ ಮಾಡಿ ನೋಡಬೇಕು: ಎತ್ತುತ್ತಾರೆಯೇ, ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ. ಗೋಡೆಯ ಪೋಸ್ಟರಿನಲ್ಲಿ ಸತ್ತ ನಂಬರ್ ಇರುವುದು ಪೋಸ್ಟರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ದಾಖಲೆಯ ವಿಷಯದಲ್ಲಿ ಎಡವುವವರೇ ಹೆಚ್ಚು. 'ಖಿನ್ನತೆ ಇದೆ' ಎಂದು ಶಿಕ್ಷಕರು ಬರೆಯಬಾರದು, ಅದು ವೈದ್ಯರ ಮಾತು. 'ಮೂರು ವಾರದಿಂದ ಊಟದ ಬಿಡುವಿನಲ್ಲಿ ಒಬ್ಬಳೇ ಕೂರುತ್ತಾಳೆ. ಎರಡು ಕಿರುಪರೀಕ್ಷೆಗೆ ಖಾಲಿ ಹಾಳೆ ಕೊಟ್ಟಿದ್ದಾಳೆ. ಕೇಳಿದಾಗ "ಏನು ಬರೆದ್ರೂ ಅಷ್ಟೇ ಮಿಸ್" ಅಂದಳು' ಎಂದು ಬರೆಯಿರಿ. ದಿನಾಂಕ, ಹೊತ್ತು, ಮಗುವಿನದೇ ಮಾತು, ನೀವು ಮಾಡಿದ್ದು, ಯಾರಿಗೆ ತಿಳಿಸಿದಿರಿ, ಇಷ್ಟು ಸಾಕು. ಈ ಪುಸ್ತಕ ಬೀಗದ ಬೀರುವಿನಲ್ಲಿರಲಿ, ಅಂಕಪಟ್ಟಿಯ ಫೈಲಿಗೆ ಸೇರದಿರಲಿ. ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಮಗುವಿನ ಹೆಸರು ಯಾವ ಕಾರಣಕ್ಕೂ ಹೋಗಬಾರದು.

ಏನನ್ನು ಗಮನಿಸಬೇಕು

ಸ್ವಭಾವಕ್ಕಿಂತ ಬದಲಾವಣೆಯನ್ನು ನೋಡಿ. ಮೊದಲಿನಿಂದ ಮಿತಭಾಷಿಯಾದ ಹುಡುಗನ ಮೌನಕ್ಕಿಂತ ವಾಚಾಳಿಯೊಬ್ಬನ ಮೌನ ದೊಡ್ಡ ಸುಳಿವು. ಖಿನ್ನತೆ ಎಂದರೆ ಅಳು, ಸಪ್ಪೆ ಮುಖ ಎಂದೇ ನಾವು ತಿಳಿದಿರುತ್ತೇವೆ, ಆದರೆ ಹದಿಹರೆಯದಲ್ಲಿ ಅದು ಸಿಡುಕಾಗಿ, ಎದುರುತ್ತರವಾಗಿ ಕಾಣುವುದು ಬಹಳ. ಅಂಥ ಮಗುವಿಗೆ ನೆರವಿನ ಬದಲು ಶಿಕ್ಷೆ ಸಿಗುತ್ತದೆ. ಆತಂಕವಾದರೆ ಹೊಟ್ಟೆನೋವು, ತಲೆನೋವು, ಪದೇ ಪದೇ ಶೌಚಾಲಯಕ್ಕೆ ಹೋಗುವುದರ ವೇಷ ಹಾಕಿಕೊಂಡು ಬರುತ್ತದೆ. ಒಳ್ಳೆಯ ಅಂಕ ತೆಗೆಯುವ, ಯಾರಿಗೂ ತೊಂದರೆ ಕೊಡದ ಮಕ್ಕಳು ಎಲ್ಲರ ಕಣ್ಣೂ ತಪ್ಪಿಸುತ್ತಾರೆ. ಒಂದೇ ಸಾಲಿನ ಉತ್ತರವನ್ನು ನಾಲ್ಕು ಸಲ ಹೊಡೆದು ಬರೆದ ನೋಟ್‌ಬುಕ್ ಕಂಡರೆ ಅದನ್ನೂ ಗಮನಕ್ಕೆ ತಂದುಕೊಳ್ಳಿ.

ಶಾಲೆಯಲ್ಲಿರುವ ಅತ್ಯುತ್ತಮ ಸಾಧನ ಹಾಜರಿ ಪುಸ್ತಕ. ಎರಡು ವಾರಕ್ಕೊಮ್ಮೆ ಸಾಲು ಸಾಲಾಗಿ ನೋಡಿ. ರಜೆ ಮುಗಿದ ಮರುದಿನ ಮಾತ್ರ ಗೈರು, ಒಂದೇ ವಿಷಯದ ಪೀರಿಯಡ್ ಇರುವ ದಿನ ಗೈರು, ಆಟದ ದಿನ ಗೈರು ಇವೆಲ್ಲ ಬೇರೆ ಬೇರೆ ಕಥೆ ಹೇಳುತ್ತವೆ.

ಮನಸ್ಸಿನ ಕಾರಣವೇ ಎಂದು ತೀರ್ಮಾನಿಸುವ ಮೊದಲು ಕಣ್ಣು, ಕಿವಿ, ರಕ್ತಹೀನತೆ, ನಿದ್ದೆ ಇವನ್ನು ವಿಚಾರಿಸಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಐದು ಗಂಟೆ ಮಲಗುವ ಮಗು ಸಿಡುಕದೆ ಇನ್ನೇನು ಮಾಡೀತು? ಓದಿನ ಕಲಿಕಾ ತೊಡಕಿರುವ ಮಗು ವರ್ಷಗಟ್ಟಲೆ 'ಸೋಮಾರಿ' ಎನ್ನಿಸಿಕೊಂಡು ಆತಂಕಕ್ಕೆ ಬಿದ್ದಿರುವುದೂ ಉಂಟು. ಅಲ್ಲಿ ಸಮಾಧಾನದ ಮಾತಿನ ಜೊತೆಗೆ ಕಲಿಕೆಯ ನೆರವೂ ಬೇಕು.

ಪ್ರಶ್ನಾವಳಿ ಬಳಸಬೇಕೆಂದರೆ ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯು (ಮಕ್ಕಳ ಬಲ ಮತ್ತು ತೊಂದರೆಗಳ ಪ್ರಶ್ನಾವಳಿ) ಇದೆ: 25 ಪ್ರಶ್ನೆ, ಐದೈದರಂತೆ ಐದು ಭಾಗ. ಅದು ಯಾರನ್ನು ಹತ್ತಿರದಿಂದ ನೋಡಬೇಕೆಂದು ತೋರಿಸುತ್ತದೆ, ರೋಗ ಇದೆ ಎಂದು ಹೇಳುವುದಿಲ್ಲ. ಖಿನ್ನತೆಯ ಲಕ್ಷಣಗಳನ್ನು ಕೇಳುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಕೊಡುವುದಾದರೆ ಅದರ ಒಂಬತ್ತನೆಯ ಪ್ರಶ್ನೆ ಸಾವು ಮತ್ತು ಸ್ವಯಂ ಹಾನಿಯ ಯೋಚನೆಯದು ಎಂಬುದು ನೆನಪಿರಲಿ. ಫಾರ್ಮ್ ತುಂಬಿಸಿಕೊಂಡು ಮುಂದಿನ ವಾರ ಓದೋಣ ಎಂದು ಕಟ್ಟಿಟ್ಟರೆ, ಒಂದು ಮಗು ಸಹಾಯ ಕೇಳಿದ್ದನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟಂತೆ. ಮಕ್ಕಳು ಮನೆಗೆ ಹೋಗುವ ಮುಂಚೆ ಪ್ರತಿ ಹಾಳೆಯ ಆ ಉತ್ತರವನ್ನು ನೋಡಲೇಬೇಕು. ಅಷ್ಟು ಕೈಗಳಿಲ್ಲದಿದ್ದರೆ ಇಡೀ ಶಾಲೆಗೆ ಪ್ರಶ್ನಾವಳಿ ಹಂಚಬೇಡಿ.

ಮೊದಲ ಮಾತುಕತೆ

ತರಗತಿಯ ಮುಂದೆ ಹೆಸರು ಕೂಗಿ ಕರೆಯಬೇಡಿ. ಹೊರಗೆ ಹೋಗುವಾಗ ಮೆಲ್ಲಗೆ, "ಕೊನೆ ಪೀರಿಯಡ್ ಆದ್ಮೇಲೆ ಹತ್ತು ನಿಮಿಷ ಸಿಗ್ತೀಯಾ? ನೀನೇನೂ ತಪ್ಪು ಮಾಡಿಲ್ಲ" ಅನ್ನಿ. ಎರಡನೆಯ ವಾಕ್ಯ ಬಿಟ್ಟರೆ ಆ ಮಗು ದಿನವಿಡೀ ಹೆದರಿಕೊಂಡು ಕೂರುತ್ತದೆ.

ಕಂಡದ್ದರಿಂದ ಶುರುಮಾಡಿ: "ಎರಡು ವಾರದಿಂದ ನೀನು ಯಾರ ಜೊತೆಗೂ ಸೇರ್ತಿಲ್ಲ, ಊಟದ ಡಬ್ಬಿನೂ ಹಾಗೇ ವಾಪಸ್ ಹೋಗ್ತಿದೆ. ಹೇಗಿದ್ದೀಯ?" ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಶಿಕ್ಷಕರಿಗೆ ಇದೇ ಅತಿ ಕಷ್ಟದ ಭಾಗ, ಏಕೆಂದರೆ ತರಗತಿಯಲ್ಲಿ ಮೌನವಾದರೆ ನಾವೇ ಉತ್ತರ ಹೇಳಿಬಿಡುವ ರೂಢಿ. ಇಲ್ಲಿ ಹಾಗೆ ತುಂಬಿಬಿಟ್ಟರೆ ಮಗು ನಮ್ಮ ಮಾತಿಗೆ ತಲೆಯಾಡಿಸಿ ಎದ್ದು ಹೋಗುತ್ತದೆ.

'ಯಾಕೆ' ಎಂಬ ಪ್ರಶ್ನೆ ಕಡಿಮೆ ಇರಲಿ, ಅದು ವಿಚಾರಣೆಯಂತೆ ಕೇಳಿಸುತ್ತದೆ. 'ಯಾವಾಗಿಂದ ಹೀಗನ್ನಿಸ್ತಿದೆ?', 'ಯಾವ ಹೊತ್ತಲ್ಲಿ ಜಾಸ್ತಿ ಆಗುತ್ತೆ?', 'ಸ್ವಲ್ಪನಾದ್ರೂ ಹಗುರ ಆಗೋದು ಯಾವಾಗ?' ಎಂದು ಕೇಳಿ. 'ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ', 'ನಿನ್ನ ವಯಸ್ಸಲ್ಲಿ ನಾವು ಎಷ್ಟು ಕಷ್ಟ ನೋಡಿದ್ವಿ', 'ನಿನ್ನ ಅಪ್ಪ ಅಮ್ಮ ನಿನಗೋಸ್ಕರ ದುಡೀತಿದ್ದಾರೆ' ಈ ಮೂರೂ ಮಾತು ಬೇಡವೇ ಬೇಡ. ಕೊನೆಯದಂತೂ ನೋವಿನ ಮೇಲೆ ತಪ್ಪಿತಸ್ಥ ಭಾವವನ್ನೂ ಹೇರುತ್ತದೆ.

"ಮಿಸ್, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಎಂದು ಮಗು ಕೇಳಿಯೇ ಕೇಳುತ್ತದೆ. ಮಾತು ಕೊಡಬೇಡಿ. "ನೀನು ಹೇಳಿದ್ದನ್ನ ಊರಿಗೆಲ್ಲ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಇದೆ, ಅಥವಾ ಯಾರೋ ನಿನಗೆ ಹಿಂಸೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ" ಎನ್ನಿ. ಇದನ್ನು ಮಾತಿನ ಆರಂಭದಲ್ಲೇ ಹೇಳಬೇಕು. ಎಲ್ಲ ಹೇಳಿಸಿಕೊಂಡ ಮೇಲೆ ಹೇಳಿದರೆ ಮೋಸ ಹೋದೆನೆಂದು ಮಗುವಿಗೆ ಅನ್ನಿಸುತ್ತದೆ.

ಮಾತಿನಲ್ಲಿ 'ನಾನಿಲ್ಲದಿದ್ದರೇ ಒಳ್ಳೇದು', 'ಇನ್ನು ಯಾರಿಗೂ ತೊಂದರೆ ಕೊಡಲ್ಲ' ಎಂಬ ಧಾಟಿ ಬಂದರೆ, ಅಥವಾ ಪ್ರೀತಿಯ ವಸ್ತುಗಳನ್ನು ಹಂಚುತ್ತಿರುವುದು ಗೊತ್ತಾದರೆ, ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹದಿಹರೆಯದವರ ಮೇಲೆಯೂ ನಡೆದ ಅಧ್ಯಯನಗಳಲ್ಲಿ ಹಾಗೆ ಆಗುವುದು ಕಂಡುಬಂದಿಲ್ಲ. ಕೇಳುವ ರೀತಿ ಹೀಗಿರಲಿ: "ಇಷ್ಟು ನೋವಿದ್ದಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿನಗೆ ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" 'ಅಂಥ ಯೋಚನೆ ಏನೂ ಇಲ್ಲ ತಾನೆ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. 'ಹೌದು' ಎಂದರೆ ಬೆಚ್ಚಿಬೀಳಬೇಡಿ, ಉಪದೇಶಕ್ಕಿಳಿಯಬೇಡಿ. "ಹೇಳಿದ್ದು ಒಳ್ಳೇದಾಯ್ತು" ಎನ್ನಿ. ಯೋಚನೆ ಯಾವಾಗಿಂದ, ಹೇಗೆ ಎಂದು ಯೋಜಿಸಿದ್ದುಂಟೇ, ಮೊದಲು ಪ್ರಯತ್ನಿಸಿದ್ದುಂಟೇ ಎಂಬ ಮೂರು ವಿಷಯ ತಿಳಿದುಕೊಳ್ಳಿ. ಅಲ್ಲಿಂದ ಮುಂದೆ ಮಗು ಒಂದು ಕ್ಷಣವೂ ಒಂಟಿಯಾಗಿರಬಾರದು. ಇನ್ನೊಬ್ಬ ದೊಡ್ಡವರನ್ನು ಕರೆಸಿ, ಪೋಷಕರಿಗೆ ಫೋನ್ ಮಾಡಿ, ಅದೇ ದಿನ ವೈದ್ಯರಿಗೆ ತೋರಿಸುವ ಏರ್ಪಾಡಾಗಲಿ. ಶಾಲಾ ವ್ಯಾನಿನಲ್ಲಿ ಮನೆಗೆ ಕಳಿಸಿ 'ನಾಳೆ ನೋಡೋಣ' ಎನ್ನುವ ಹಾಗಿಲ್ಲ.

'ಹಾಗೆ ಮಾಡಿಕೊಳ್ಳಲ್ಲ ಅಂತ ಆಣೆ ಮಾಡು' ಎಂದು ಮಾತು ತೆಗೆದುಕೊಳ್ಳುವುದರಿಂದ ನಮಗೆ ಧೈರ್ಯ ಬರುತ್ತದೆ, ಮಗುವಿಗೆ ರಕ್ಷಣೆ ಸಿಗುವುದಿಲ್ಲ. ಅದರ ಬದಲು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯ ಆರು ಅಂಶಗಳನ್ನು ತರಬೇತಾದವರು ಮಗುವಿನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯುತ್ತಾರೆ: ಸಂಕಟ ಏರುವಾಗಿನ ತನ್ನದೇ ಮುನ್ಸೂಚನೆಗಳು, ತಾನೊಬ್ಬನೇ ಮಾಡಬಹುದಾದದ್ದು, ಮನಸ್ಸನ್ನು ಬೇರೆಡೆ ಸೆಳೆಯುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದವರು, ವೈದ್ಯರು ಮತ್ತು ಸಹಾಯವಾಣಿ, ಸುತ್ತಲಿನ ಅಪಾಯದ ವಸ್ತುಗಳನ್ನು ದೂರಮಾಡುವುದು. ಮಾತು ಮಗುವಿನದೇ ಇರಬೇಕು. 'ಧ್ಯಾನ ಮಾಡುತ್ತೇನೆ' ಎಂದು ನಮ್ಮನ್ನು ಮೆಚ್ಚಿಸಲು ಬರೆದದ್ದು ಆ ರಾತ್ರಿ ಉಪಯೋಗಕ್ಕೆ ಬರುವುದಿಲ್ಲ.

ತೋಳಿನ ಮೇಲೆ ಗಾಯದ ಗೆರೆ ಕಂಡರೆ ಮೊದಲು ಗಾಯಕ್ಕೆ ಆರೈಕೆ. ತೋಳು ಮೇಲೆತ್ತಿ ತೋರಿಸೆಂದು ಒತ್ತಾಯಿಸಬೇಡಿ. ಸಾಯುವ ಉದ್ದೇಶವಿಲ್ಲದೆಯೂ ಹೀಗೆ ಮಾಡಿಕೊಳ್ಳುವವರಿದ್ದಾರೆ, ಆದರೂ ಮುಂದಿನ ಅಪಾಯ ಹೆಚ್ಚು, ಹಾಗಾಗಿ ಇದು ಮೂರನೆಯ ಹಂತವೇ. ದೌರ್ಜನ್ಯದ ಮಾತು ಬಂದರೆ ವಿವರ ಕೆದಕಬೇಡಿ, ಉತ್ತರ ಸೂಚಿಸುವ ಪ್ರಶ್ನೆ ಹಾಕಬೇಡಿ. ಹೇಳಿದಷ್ಟನ್ನು ಹೇಳಿದಂತೆಯೇ ಬರೆದುಕೊಂಡು ಕಾನೂನು ಹೇಳುವ ಕಡೆಗೆ ತಕ್ಷಣ ತಿಳಿಸಿ. ಆರೋಪಿ ಮನೆಯವರೇ ಆಗಿದ್ದರೆ ಮನೆಗೆ ಮೊದಲು ಫೋನ್ ಮಾಡುವುದು ಮಗುವನ್ನು ಇನ್ನಷ್ಟು ಅಪಾಯಕ್ಕೆ ದೂಡಿದಂತೆ.

ಪೋಷಕರ ಜೊತೆ

ಅಂಕಪಟ್ಟಿ ಹಂಚುವ ದಿನದ ಸಾಲಿನಲ್ಲಿ ನಿಲ್ಲಿಸಿ ಹೇಳುವ ವಿಷಯವಲ್ಲ ಇದು. ಬೇರೆ ಹೊತ್ತು ಕೊಡಿ, ಕನಿಷ್ಠ ಅರ್ಧ ಗಂಟೆ. 'ನಿಮ್ಮ ಮಗನಿಗೆ ಮಾನಸಿಕ ತೊಂದರೆ ಇದೆ' ಎಂದರೆ ಆ ಕ್ಷಣದಿಂದ ಅವರಿಗೆ ಬೇರೇನೂ ಕೇಳಿಸುವುದಿಲ್ಲ. "ನಿಮ್ಮ ಮಗ ಯಾವಾಗಲೂ ಮುಂದೆ ನಿಂತು ಮಾಡ್ತಿದ್ದವನು. ಒಂದು ತಿಂಗಳಿಂದ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂರ್ತಾನೆ. ಮನೇಲಿ ನಿದ್ದೆ, ಊಟ ಹೇಗಿದೆ? ನಿಮಗೇನಾದ್ರೂ ಅನ್ನಿಸಿದೆಯಾ?" ಎಂದು ಕೇಳಿದರೆ ಅವರೂ ಬಾಯಿ ಬಿಡುತ್ತಾರೆ. ಸಿಟ್ಟು ಬಂದರೆ ವಾದಕ್ಕಿಳಿಯಬೇಡಿ, ಆ ಸಿಟ್ಟಿನ ಕೆಳಗೆ ಬಹುಪಾಲು ಹೆದರಿಕೆ ಇರುತ್ತದೆ. ಮನೋವೈದ್ಯರ ಹೆಸರು ಕೇಳಿ ಹಿಂಜರಿದರೆ ಮನೆಯವರು ನಂಬುವ ಮಕ್ಕಳ ವೈದ್ಯರಿಂದಲೇ ಶುರುವಾಗಲಿ. ಮುಂದಿನ ಭೇಟಿಯ ದಿನಾಂಕ ಬರೆದುಕೊಳ್ಳದೆ ಎದ್ದೇಳಬೇಡಿ. ಜೀವಾಪಾಯದ ಮಾತಿದ್ದರೆ ಇನ್ನೊಂದು ಕೆಲಸ: ಮನೆಯಲ್ಲಿರುವ ಮಾತ್ರೆ, ಕೀಟನಾಶಕದಂಥವನ್ನು ಅವತ್ತೇ ಬೀಗದೊಳಗೆ ಇಡಬೇಕೆಂದು ಸ್ಪಷ್ಟವಾಗಿ ಹೇಳಿ.

ತರಗತಿಯ ಪಾಠ

ಯಾವ ಪಾಠ ಫಲ ಕೊಡುತ್ತದೆ ಎಂಬುದಕ್ಕೆ ಎರಡು ದೊಡ್ಡ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ 'ಸೆಯ್ಲ್' ಅಧ್ಯಯನದಲ್ಲಿ ನಾಲ್ಕು ವಾರಗಳಲ್ಲಿ ಒಟ್ಟು ಐದು ಗಂಟೆಯ ಪಾಠ ಕೊಟ್ಟಿದ್ದರು. ಅದರಲ್ಲಿ ಮೂರು ಗಂಟೆ ಪಾತ್ರಾಭಿನಯ. ವರ್ಷದ ನಂತರ ಆ ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಯತ್ನ ಮತ್ತು ತೀವ್ರ ಯೋಚನೆ, ಈ ಪಾಠ ಸಿಗದವರಿಗಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಬ್ರಿಟನ್ನಿನ 85 ಶಾಲೆಗಳಲ್ಲಿ ನಡೆದ 'ಮಿರಿಯಡ್' ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳಿಗೂ ಕಲಿಸಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಧ್ಯಾನದಂಥ ಅಭ್ಯಾಸ) ಪಾಠ, ಶಾಲೆಗಳು ಎಂದಿನಂತೆ ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ಲಾಭ ಕೊಡಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಇದರಿಂದ ನಾವು ತೆಗೆದುಕೊಳ್ಳುವ ಪಾಠ: ಕಣ್ಣು ಮುಚ್ಚಿ ಕೂರಿಸುವುದಕ್ಕೆ ಮೊದಲು ಮಕ್ಕಳನ್ನು ಮಾತಾಡಿಸಿ, ಅಭಿನಯಿಸಲು ಬಿಡಿ.

ಒಂದು ಪೀರಿಯಡಿನ ಮಾದರಿ ಹೀಗಿರಬಹುದು. ಸಂದರ್ಭ: ಗೆಳತಿಯೊಬ್ಬಳು ರಾತ್ರಿ 'ಎಲ್ಲ ಸಾಕಾಗಿದೆ, ಯಾರಿಗೂ ಹೇಳಬೇಡ' ಎಂದು ಮೆಸೇಜ್ ಕಳಿಸಿದ್ದಾಳೆ. ಇಬ್ಬರು ಅಭಿನಯಿಸಲಿ. ಮೊದಲ ಸಲ ತಮಾಷೆಯಾಗಿ ತೇಲಿಸಿಬಿಡುವುದು, ಎರಡನೆಯ ಸಲ ಗುಟ್ಟನ್ನು ತಾನೊಬ್ಬಳೇ ಹೊತ್ತು ತಿರುಗುವುದು, ಮೂರನೆಯ ಸಲ ಜೊತೆಗಿದ್ದು ದೊಡ್ಡವರಿಗೆ ತಿಳಿಸುವುದು. ಪಾತ್ರ ಅದಲುಬದಲು ಮಾಡಿ, 'ಯಾವುದರಲ್ಲಿ ನಿನಗೆ ಹಗುರ ಅನ್ನಿಸಿತು?' ಎಂದು ಕೇಳಿ. ಪ್ರತಿ ಸುತ್ತಿಗೆ ಐದು ನಿಮಿಷ, ಚರ್ಚೆಗೆ ಇಪ್ಪತ್ತು. ಗೆಳತಿಯ ಜೀವ ಉಳಿಸಲು ಗುಟ್ಟನ್ನು ಒಡೆಯುವುದು ಚಾಡಿಯಲ್ಲ ಎಂಬುದು ಮಕ್ಕಳ ಬಾಯಿಂದಲೇ ಬರಬೇಕು.

ತಮ್ಮ ಸ್ವಂತ ಕಥೆಯನ್ನು ತರಗತಿಯ ಮುಂದೆ ಹೇಳುವಂತೆ ಯಾರನ್ನೂ ಕೇಳಬೇಡಿ. ಹೆಸರಿಲ್ಲದ ಪ್ರಶ್ನೆಗಳಿಗೆ ಡಬ್ಬಿ ಇಟ್ಟರೆ ಅದನ್ನು ಅವತ್ತೇ ಮಕ್ಕಳು ಹೊರಡುವ ಮುಂಚೆ ತೆರೆದು ಓದಿ. ಆತ್ಮಹತ್ಯೆಯ ವಿಧಾನದ ವಿವರ ಪಾಠದಲ್ಲಿ ಬರಬಾರದು. ಈ ಪಾಠವನ್ನು ರಜೆಯ ಹಿಂದಿನ ದಿನಕ್ಕಾಗಲಿ ಕೊನೆಯ ಪೀರಿಯಡಿಗಾಗಲಿ ಹಾಕಬೇಡಿ. ಪಾಠ ಕೇಳಿ ಮನಸ್ಸು ಕಲಕಿದ ಮಗು ಬಂದು ಮಾತಾಡಲು ಆಮೇಲೆ ಅರ್ಧ ಗಂಟೆಯಾದರೂ ಇರಬೇಕು, ಗೊತ್ತುಮಾಡಿದ ಶಿಕ್ಷಕರು ಅಲ್ಲೇ ಇರಬೇಕು.

ತರಗತಿಯಲ್ಲೇ ಯಾರಿಗಾದರೂ ಎದೆ ಬಡಿತ ಏರಿ, ಉಸಿರು ಕಟ್ಟಿದಂತಾಗಿ ಕೈ ನಡುಗಲು ಶುರುವಾದರೆ ಸುತ್ತ ಗುಂಪು ಕಟ್ಟಲು ಬಿಡಬೇಡಿ. ಪಕ್ಕದಲ್ಲಿ ಕೂತು ನೀವೇ ನಿಧಾನವಾಗಿ ಉಸಿರಾಡುತ್ತ ಜೊತೆಗೂಡಿಸಿ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಆತಂಕದ ದಾಳಿ ಕೆಲವೇ ನಿಮಿಷದಲ್ಲಿ ಏರಿ ಆಮೇಲೆ ಇಳಿಯುತ್ತದೆ. ಅದರೊಳಗೆ ಉಸಿರಾಡಲೆಂದು ಬಾಯಿಗೆ ಚೀಲ ಹಿಡಿಸಬೇಡಿ. ಮೊದಲ ಸಲ ಆದದ್ದಾದರೆ, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಇದ್ದರೆ ಆತಂಕವೆಂದು ನೀವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿ.

ಮಗು ಮರಳಿ ಬಂದಾಗ

ಚಿಕಿತ್ಸೆಗೆಂದು ಕೆಲವು ವಾರ ದೂರವಿದ್ದ ಮಗು ಶಾಲೆಗೆ ಮರಳುವ ಮೊದಲ ದಿನವನ್ನು ಅದೃಷ್ಟಕ್ಕೆ ಬಿಡಬಾರದು. ಹಿಂದಿನ ದಿನ ಪೋಷಕರು, ತರಗತಿ ಶಿಕ್ಷಕರು, ಮಗು ಮೂವರೂ ಕೂತು ಮೂರು ವಿಷಯ ನಿರ್ಧರಿಸಿ. 'ಎಲ್ಲಿಗೆ ಹೋಗಿದ್ದೆ?' ಎಂದು ಗೆಳೆಯರು ಕೇಳಿದರೆ ಏನು ಹೇಳಬೇಕು ಎಂಬುದನ್ನು ಮಗುವೇ ಆರಿಸಲಿ, 'ಹುಷಾರಿರಲಿಲ್ಲ, ಈಗ ಪರವಾಗಿಲ್ಲ' ಎಂಬಷ್ಟು ಸಾಕು. ತರಗತಿಯಲ್ಲಿ ಕೂರಲಾಗದಿದ್ದರೆ ಯಾರ ಅನುಮತಿಗೂ ಕೈಯೆತ್ತಿ ಕಾಯದೆ ಎದ್ದು ಎಲ್ಲಿಗೆ ಹೋಗಬಹುದು ಎಂಬುದು ಗೊತ್ತಿರಲಿ, ಆ ವಿಷಯ ಎಲ್ಲ ಪೀರಿಯಡಿನ ಶಿಕ್ಷಕರಿಗೂ ತಲುಪಿರಲಿ. ಶಾಲೆಗೆ ಬರುವುದಕ್ಕೇ ಭಯವಾಗಿದ್ದ ಮಗುವಾದರೆ ಮೊದಲ ವಾರ ಎರಡು ಪೀರಿಯಡ್, ಮುಂದಿನ ವಾರ ಅರ್ಧ ದಿನ, ಹೀಗೆ ಹಿಗ್ಗಿಸುತ್ತ ಹೋಗಿ. ಆದರೆ ನಿಗದಿಯಾದ ಹೊತ್ತಿಗೆ ದಿನವೂ ಬರಬೇಕು. ಒಂದು ದಿನ ಬಿಟ್ಟು ಒಂದು ದಿನ ಬಂದರೆ ಭಯ ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಹಲವು ಕಡೆ ಕೆಲಸ ಕೆಡುವುದು ಬಿಟ್ಟುಹೋದ ನೋಟ್ಸಿನಿಂದ. ಆರು ವಿಷಯದ ಶಿಕ್ಷಕರೂ ತಂತಮ್ಮ ವಿಷಯದ ಬಾಕಿ ಬರೆದು ತೋರಿಸು ಎಂದರೆ ಮೊದಲ ವಾರಕ್ಕೇ ಮಗು ಕುಸಿಯುತ್ತದೆ. ಹಳೆಯದನ್ನು ನಕಲು ಮಾಡಿಸಬೇಡಿ, ಝೆರಾಕ್ಸ್ ಕೊಡಿ. ಮುಂದಿನ ಪಾಠ ಅರ್ಥವಾಗಲು ತೀರಾ ಬೇಕಾದ ಭಾಗವನ್ನಷ್ಟೇ ಪ್ರತಿ ಶಿಕ್ಷಕರೂ ಗುರುತು ಹಾಕಿಕೊಡಲಿ. ಒಂದೇ ವಾರದಲ್ಲಿ ಎರಡಕ್ಕಿಂತ ಹೆಚ್ಚು ಬಾಕಿ ಪರೀಕ್ಷೆ ಇಡಬೇಡಿ. ಎರಡನೆಯ ವಾರ ಒಮ್ಮೆ, ಆರನೆಯ ವಾರ ಒಮ್ಮೆ ಗೊತ್ತುಮಾಡಿದ ಶಿಕ್ಷಕರು ಮಗುವನ್ನು ಕರೆದು ಮಾತಾಡಲಿ. ಮೊದಲ ಭೇಟಿಯಲ್ಲಿ 'ಚೆನ್ನಾಗಿದ್ದೀನಿ' ಎಂದರೂ ಎರಡನೆಯದನ್ನು ರದ್ದು ಮಾಡಬೇಡಿ.